ಏರ್ ರೈಫಲ್‌ಗೆ ಹೊಸ ಬ್ಯಾರೆಲ್: ಕಂಪನಿಯದ್ದೇ ಸಾಕೇ, ಹೊರಗೆ ಮಾಡಿಸಬೇಕೇ?

ಪ್ರಶ್ನೆ: ಪೊನ್ನಂಪೇಟೆ ಬಳಿಯ ಕಾಫಿ ಬೆಳೆಗಾರರೊಬ್ಬರು ಹೀಗೆ ಬರೆದಿದ್ದಾರೆ: "ನನ್ನ ಮಗಳು ಹದಿನಾರರವಳು, 10 ಮೀಟರ್ ಏರ್ ರೈಫಲ್ ವಿಭಾಗದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಎರಡು ವರ್ಷದ ಹಿಂದೆ ಅವಳಿಗಾಗಿ ಜರ್ಮನಿಯಲ್ಲಿ ತಯಾರಾದ, ಗಾಳಿ ಸಿಲಿಂಡರ್ ಇರುವ ಮ್ಯಾಚ್ (ಸ್ಪರ್ಧೆಗೆಂದೇ ಮಾಡಿದ) ರೈಫಲ್ ಒಂದನ್ನು ಇನ್ನೊಬ್ಬ ಕ್ರೀಡಾಪಟುವಿನಿಂದ ಕೊಂಡೆವು. ಮೊದಲು ಐದು ಗುಂಡು ಹೊಡೆದರೆ ಕಾಗದದ ಮೇಲೆ ಹೊರ ಅಂಚಿನಿಂದ ಹೊರ ಅಂಚಿಗೆ 6 ಮಿ.ಮೀ. ರಂಧ್ರವಾಗುತ್ತಿತ್ತು. ಈ ಮಳೆಗಾಲ ಶುರುವಾದ ಮೇಲೆ ಅದು 9, 10 ಮಿ.ಮೀ. ಆಗುತ್ತಿದೆ. ಪರಿಚಯದವರೊಬ್ಬರು ಬ್ಯಾರೆಲ್ ಸವೆದಿದೆ, ಹೊರದೇಶದಿಂದ ಕಸ್ಟಮ್ ಬ್ಯಾರೆಲ್ ತರಿಸಿ ಕೂರಿಸಿಕೊಡುತ್ತೇನೆ, ಅರವತ್ತು ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಹಾಕಿಸಬಹುದೇ? ಹಾಗೆಯೇ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಸಮಯದ ತೆಂಗಿನಕಾಯಿ ಸ್ಪರ್ಧೆಗೆ ನಾನು ಬಳಸುವ ಹಳೆಯ ಸ್ಪ್ರಿಂಗ್ ಏರ್‌ಗನ್‌ಗೆ ಉದ್ದನೆಯ 5.5 ಮಿ.ಮೀ. ಬ್ಯಾರೆಲ್ ಹಾಕಿದರೆ ಹೊಡೆತ ಜೋರಾಗುತ್ತದೆಯೇ?"

ಉತ್ತರ: ಮಗಳ ಅಂಕ ಕಡಿಮೆಯಾಗುತ್ತಿರುವುದನ್ನು ವಾರವಾರವೂ ನೋಡುತ್ತಾ, ಕಾರಣ ಅವಳದ್ದೋ ರೈಫಲ್‌ನದ್ದೋ ಎಂದು ಗೊತ್ತಾಗದೆ ನೀವು ಚಿಂತಿಸುತ್ತಿರುವುದು ಪತ್ರದಲ್ಲೇ ಕಾಣುತ್ತದೆ. ಯಾವ ಬ್ಯಾರೆಲ್ ಒಳ್ಳೆಯದು ಎಂದು ನೀವು ಕೇಳಿದ್ದೀರಿ. ಅದಕ್ಕೂ ಮೊದಲು, ಈಗಿರುವ ಬ್ಯಾರೆಲ್ ನಿಜವಾಗಿಯೂ ಕೆಟ್ಟಿದೆಯೇ ಎಂಬುದು ತೀರ್ಮಾನವಾಗಬೇಕು. ನೀವು ಕೊಟ್ಟಿರುವ ವಿವರದಲ್ಲಿ ನನ್ನ ಗಮನ ಸೆಳೆದದ್ದು "ಈ ಮಳೆಗಾಲ ಶುರುವಾದ ಮೇಲೆ" ಎಂಬ ಮಾತು. ಸವೆತ ಎಂಬುದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಶುರುವಾಗುವುದಿಲ್ಲ. ಹಾಗಾಗಿ ಆ ಅರವತ್ತು ಸಾವಿರವನ್ನು ಸದ್ಯಕ್ಕೆ ಕೈಯಲ್ಲೇ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ.

ಬ್ಯಾರೆಲ್ ಸವೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಂದಿರುವುದು ಮದ್ದಿನ ಕೋವಿಗಳಿಂದ. ಕೊಡಗಿನ ಬಹಳಷ್ಟು ಮನೆಗಳಲ್ಲಿ ತಲೆಮಾರುಗಳಿಂದ ಕೋವಿ ಇರುವುದರಿಂದ ಅದರ ಅನುಭವವನ್ನೇ ನಾವು ಏರ್ ರೈಫಲ್‌ಗೂ ಹೊಂದಿಸಿ ನೋಡುತ್ತೇವೆ. ಮದ್ದಿನಿಂದ ಗುಂಡು ಹಾರುವ ರೈಫಲ್‌ನಲ್ಲಿ ಉರಿಯುವ ಅನಿಲದ ಬಿಸಿಯೂ ಒತ್ತಡವೂ ಕೂಡಿ ಬ್ಯಾರೆಲ್‌ನ ಹಿಂಬದಿಯ ಉಕ್ಕನ್ನು ಕ್ರಮೇಣ ತಿನ್ನುತ್ತವೆ. ಏರ್ ರೈಫಲ್‌ನಲ್ಲಿ ಉರಿಯುವುದು ಏನೂ ಇಲ್ಲ. ಮೆದುವಾದ ಸೀಸದ ಪೆಲೆಟ್, ಸುಮಾರು 0.53 ಗ್ರಾಂ ತೂಕದ್ದು, ಸೆಕೆಂಡಿಗೆ 170ರಿಂದ 175 ಮೀಟರ್ ವೇಗದಲ್ಲಿ ಉಕ್ಕಿನ ಕೊಳವೆಯೊಳಗೆ ಜಾರಿಹೋಗುತ್ತದೆ, ಅಷ್ಟೇ. ಲಕ್ಷಕ್ಕೂ ಹೆಚ್ಚು ಪೆಲೆಟ್ ಹೊಡೆದ ಮ್ಯಾಚ್ ಬ್ಯಾರೆಲ್‌ಗಳು ಇಂದಿಗೂ ಹೊಸದರಂತೆ ಗುರಿ ಕೊಡುತ್ತಿರುವುದು ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಗೊತ್ತಿರುವ ಸಂಗತಿ. ಏರ್ ರೈಫಲ್‌ನ ಬ್ಯಾರೆಲ್ ಹಾಳಾಗುವುದು ಹೊಡೆದು ಹೊಡೆದು ಅಲ್ಲ. ತುಕ್ಕಿನಿಂದ, ಬಾಯಿಯ ಕಡೆಯಿಂದ ಉಕ್ಕಿನ ಕಡ್ಡಿ ತೂರಿಸಿ ಉಜ್ಜುವುದರಿಂದ, ಬಾಯಿಯ ಅಂಚಿಗೆ ಪೆಟ್ಟು ಬೀಳುವುದರಿಂದ, ಮತ್ತು ಸೀಸದ ಬದಲು ಉಕ್ಕಿನ ಗೋಲಿ ಹಾಕಿ ಹೊಡೆಯುವುದರಿಂದ.

ಬ್ಯಾರೆಲ್ ಮಾಡುವ ಕೆಲಸವನ್ನು ಸ್ವಲ್ಪ ಹೇಳಿದರೆ ಮುಂದಿನದು ಸುಲಭವಾಗುತ್ತದೆ. ಪೆಲೆಟ್‌ನ ನಡು ಸಣ್ಣಗಿರುತ್ತದೆ, ಹಿಂಭಾಗ ತೆಳ್ಳಗಿನ ಲಂಗದಂತೆ ಅಗಲವಾಗಿರುತ್ತದೆ. ಗಾಳಿ ಹಿಂದಿನಿಂದ ಒತ್ತಿದಾಗ ಆ ಲಂಗ ಅರಳಿ ಬ್ಯಾರೆಲ್‌ನ ಗೋಡೆಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಒಳಗಿನ ಸುರುಳಿ ಗೆರೆಗಳು, ಅಂದರೆ ರೈಫ್ಲಿಂಗ್, ಪೆಲೆಟ್ಟನ್ನು ತಿರುಗಿಸುತ್ತವೆ. ಸುಮಾರು 450 ಮಿ.ಮೀ. ಉದ್ದಕ್ಕೆ ಒಂದು ಸುತ್ತು ಬರುವಂತೆ ಗೆರೆ ಹಾಕುವುದು ರೂಢಿ. 175 ಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 390 ಸುತ್ತಿನಷ್ಟಾಗುತ್ತದೆ. ಅನೇಕ ಒಳ್ಳೆಯ ಬ್ಯಾರೆಲ್‌ಗಳಲ್ಲಿ ಬಾಯಿಯ ಹತ್ತಿರದ ಒಂದೆರಡು ಇಂಚು ಕೂದಲೆಳೆಯಷ್ಟು ಬಿಗಿಯಾಗಿರುತ್ತದೆ. ಇದಕ್ಕೆ ಚೋಕ್ ಎನ್ನುತ್ತಾರೆ. ಪೆಲೆಟ್‌ಗಳಲ್ಲಿ ಒಂದಕ್ಕೊಂದು ಇರುವ ಸಣ್ಣ ವ್ಯತ್ಯಾಸವನ್ನು ಅದು ಕೊನೆಯ ಗಳಿಗೆಯಲ್ಲಿ ಸಮ ಮಾಡಿ ಹೊರಗೆ ಬಿಡುತ್ತದೆ. ಪೆಲೆಟ್ ಕಟ್ಟಕಡೆಗೆ ಮುಟ್ಟಿ ಬಿಡುವ ಜಾಗ ಬಾಯಿಯ ಒಳ ಅಂಚು, ಅಂದರೆ ಕ್ರೌನ್. ಅಲ್ಲಿ ಒಂದು ಬದಿಗೆ ಚೂರು ಏರುಪೇರಾದರೂ ಗಾಳಿ ಆ ಬದಿಯಿಂದ ಮೊದಲು ಹೊರಚಿಮ್ಮಿ ಪೆಲೆಟ್ಟಿನ ಹಿಂಭಾಗವನ್ನು ಓರೆಯಾಗಿ ತಳ್ಳುತ್ತದೆ. ಬ್ಯಾರೆಲ್‌ನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಈ ಅಂಚನ್ನೇ.

ಈಗ ಕಂಪನಿ ಬ್ಯಾರೆಲ್ ಮತ್ತು ಕಸ್ಟಮ್ ಬ್ಯಾರೆಲ್ ವಿಷಯಕ್ಕೆ ಬರುತ್ತೇನೆ. ಕಂಪನಿಯದು ಸಾಮಾನ್ಯ, ಕಸ್ಟಮ್ ಶ್ರೇಷ್ಠ ಎಂಬುದು ಜಾಹೀರಾತಿನಿಂದ ಬಂದ ಮಾತು. ಜರ್ಮನಿಯ ಲೋಥರ್ ವಾಲ್ಥರ್ ಎಂಬ ಸಂಸ್ಥೆ ಬ್ಯಾರೆಲ್‌ಗಳಿಗೇ ಹೆಸರಾದದ್ದು. ಇಂಗ್ಲೆಂಡಿನ ಏರ್ ಆರ್ಮ್ಸ್ ರೈಫಲ್‌ಗಳಲ್ಲಿ ಕಾರ್ಖಾನೆಯಿಂದಲೇ ಅವರ ಬ್ಯಾರೆಲ್ ಕೂತು ಬರುತ್ತದೆ. ಅದೇ ಸಂಸ್ಥೆಯ ಗೆರೆ ಹಾಕಿದ ಉದ್ದನೆಯ ತುಂಡುಗಳನ್ನು ಕೊಂಡು, ಬೇಕಾದ ಉದ್ದಕ್ಕೆ ಕತ್ತರಿಸಿ, ಹಿಂಬದಿ ಮತ್ತು ಬಾಯಿಯನ್ನು ಲೇತ್‌ನಲ್ಲಿ ತಿರುಗಿಸಿ ಕಸ್ಟಮ್ ಎಂದು ಮಾರುವವರೂ ಹಲವರಿದ್ದಾರೆ. ಅಂದರೆ ಎರಡರ ಒಳಗೆರೆಯೂ ಒಂದೇ ಕಾರ್ಖಾನೆಯದ್ದಾಗಿರಬಹುದು. ವ್ಯತ್ಯಾಸ ಬರುವುದು ಆ ತುಂಡಿನ ಎರಡು ತುದಿಗಳ ಕೆಲಸವನ್ನು ಯಾರು, ಎಷ್ಟು ಎಚ್ಚರದಿಂದ ಮಾಡಿದ್ದಾರೆ ಎಂಬುದರಲ್ಲಿ. ಗೆರೆ ಹಾಕುವ ವಿಧಾನದ ಬಗ್ಗೆಯೂ ಬಹಳ ವಾದ ನಡೆಯುತ್ತದೆ: ಗಟ್ಟಿ ಲೋಹದ ಗುಂಡಿಯನ್ನು ಕೊಳವೆಯೊಳಗೆ ಎಳೆದು ಮಾಡುವ ಬಟನ್ ವಿಧಾನ, ಅಚ್ಚಿನ ಮೇಲೆ ಹೊರಗಿನಿಂದ ಬಡಿದು ಮಾಡುವ ವಿಧಾನ, ಒಂದೊಂದೇ ಗೆರೆಯನ್ನು ಕೊರೆಯುವ ಹಳೆಯ ವಿಧಾನ. ಮೂರರಲ್ಲೂ ಅತ್ಯುತ್ತಮ ಬ್ಯಾರೆಲ್‌ಗಳೂ ಬಂದಿವೆ, ಕೆಟ್ಟವೂ ಬಂದಿವೆ. ನಿಮ್ಮ ತೀರ್ಮಾನಕ್ಕೆ ಈ ವಾದದಿಂದ ಉಪಯೋಗವಿಲ್ಲ.

ಕಸ್ಟಮ್ ಬ್ಯಾರೆಲ್‌ಗೆ ಅರ್ಥವಿರುವ ಸಂದರ್ಭಗಳು ಖಂಡಿತ ಇವೆ. ದೂರದ ಗುರಿಗೆ ಭಾರವಾದ ಪೆಲೆಟ್ ಅಥವಾ ಉದ್ದನೆಯ ಸ್ಲಗ್ (ಕೋವಿಯ ಗುಂಡಿನ ಆಕಾರದ ಸೀಸ) ಹೊಡೆಯುವವರಿಗೆ ಗೆರೆಯ ಸುತ್ತು ಬೇರೆ ಬೇಕಾಗುತ್ತದೆ. ಸ್ವೀಡನ್ನಿನ ಎಫ್ಎಕ್ಸ್ ಸಂಸ್ಥೆ ಇದಕ್ಕಾಗಿಯೇ ಬದಲಾಯಿಸಬಹುದಾದ ಒಳಕೊಳವೆಗಳನ್ನು ಕೊಡುತ್ತದೆ. ಅಗ್ಗದ ರೈಫಲ್‌ನಲ್ಲಿ ಬ್ಯಾರೆಲ್ಲೇ ದುರ್ಬಲ ಭಾಗವಾಗಿದ್ದು ಉಳಿದದ್ದೆಲ್ಲ ಗಟ್ಟಿಯಾಗಿದ್ದರೂ ಬದಲಾವಣೆ ಫಲ ಕೊಡಬಹುದು. ಆದರೆ 10 ಮೀಟರ್ ಮ್ಯಾಚ್ ರೈಫಲ್ ವಿಷಯವೇ ಬೇರೆ. ಅದರ ಬ್ಯಾರೆಲ್, ವಾಲ್ವ್, ಪೆಲೆಟ್ ಕೂರುವ ಜಾಗ, ಗಾಳಿ ಬರುವ ರಂಧ್ರ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ತಯಾರಾಗಿರುತ್ತವೆ, ಕಾರ್ಖಾನೆಯಲ್ಲೇ ಹೊಡೆದು ನೋಡಿದ ಪರೀಕ್ಷೆಯ ಕಾಗದ ರೈಫಲ್‌ನ ಜೊತೆ ಬರುವುದು ವಾಡಿಕೆ. ಹಿಂದಿನ ಒಡೆಯರ ಬಳಿ ಆ ಕಾಗದ ಉಳಿದಿದ್ದರೆ ಕೇಳಿ ತೆಗೆದುಕೊಳ್ಳಿ. ಅಂತಹ ರೈಫಲ್‌ನ ಗುಂಪು, ಅಂದರೆ ಐದು ಗುಂಡು ಸೇರಿ ಮಾಡುವ ರಂಧ್ರ, 6 ಮಿ.ಮೀ. ಇದ್ದರೆ, ಪೆಲೆಟ್‌ನ 4.5 ಮಿ.ಮೀ. ಕಳೆದು, ಪೆಟ್ಟುಗಳ ನಡುವಿನ ನಿಜವಾದ ಅಂತರ ಒಂದೂವರೆ ಮಿಲಿಮೀಟರ್ ಮಾತ್ರ. ಹೊರಗಿನ ಯಾವ ಬ್ಯಾರೆಲ್ಲೂ ಇದಕ್ಕಿಂತ ಹೆಚ್ಚಿನದೇನನ್ನೂ ನಿಮ್ಮ ಮಗಳಿಗೆ ಕೊಡಲಾರದು.

ಹಾಗಾದರೆ ಒಂದೂವರೆ ಮಿಲಿಮೀಟರ್ ಐದು ಮಿಲಿಮೀಟರ್ ಆದದ್ದು ಏಕೆ? ಮೊದಲು ರೈಫಲ್‌ನ ದೋಷವನ್ನೂ ಕೈಯ ದೋಷವನ್ನೂ ಬೇರ್ಪಡಿಸಿ. ಹದಿನಾರರ ಹುಡುಗಿ ಎರಡು ವರ್ಷದಲ್ಲಿ ಎತ್ತರ ಬೆಳೆದಿರುತ್ತಾಳೆ. ಬಟ್‌ನ (ಭುಜಕ್ಕೆ ಒರಗುವ ಹಿಂಭಾಗ) ಉದ್ದ, ಕೆನ್ನೆ ಇಡುವ ಪಟ್ಟಿಯ ಎತ್ತರ ಹಳೆಯ ಅಳತೆಯಲ್ಲೇ ಉಳಿದಿದ್ದರೆ ಗುಂಪು ಅಗಲವಾಗುವುದು ಸಹಜ. ಮೇಜಿನ ಮೇಲೆ ಮರಳು ಚೀಲ ಇಟ್ಟು, ರೈಫಲ್‌ನಲ್ಲಿ ಮುಂದಿನ ಕೈ ಹಿಡಿಯುವ ಭಾಗವನ್ನು ಅದರ ಮೇಲೆ ಆನಿಸಿ (ಬ್ಯಾರೆಲ್ಲನ್ನಾಗಲೀ ಸಿಲಿಂಡರನ್ನಾಗಲೀ ಅಲ್ಲ), ಅನುಭವಸ್ಥರೊಬ್ಬರಿಂದ ಐದೈದು ಗುಂಡಿನ ಕೆಲವು ಗುಂಪು ಹೊಡೆಸಿ. ಅಲ್ಲಿ 6 ಮಿ.ಮೀ. ಬಂದರೆ ರೈಫಲ್ ಸರಿಯಿದೆ, ಕೋಚ್ ಜೊತೆ ಕೂತು ಅಳತೆ ಹೊಂದಿಸಿದರೆ ಮುಗಿಯಿತು. ಅಲ್ಲೂ ಅಗಲವಾಗಿಯೇ ಬಂದರೆ ಗುಂಪಿನ ಆಕಾರ ನೋಡಿ. ಮೇಲೆ ಕೆಳಗೆ ಎಳೆದಂತಿದ್ದರೆ ವೇಗ ಏರುಪೇರಾಗುತ್ತಿದೆ. ಎರಡು ಬೇರೆ ಬೇರೆ ಗುಂಪಾಗಿ ಬೀಳುತ್ತಿದ್ದರೆ ಹಿಂದಿನ ಸೈಟ್, ಬ್ಯಾರೆಲ್ ಹಿಡಿದಿರುವ ಸ್ಕ್ರೂ ಅಥವಾ ಸ್ಟಾಕ್‌ನ ಬೋಲ್ಟ್ ಸಡಿಲವಾಗಿದೆ. ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಪೆಲೆಟ್, ಬ್ಯಾರೆಲ್‌ನ ಒಳಕೊಳೆ, ಕ್ರೌನ್ ಈ ಮೂರನ್ನು ಅನುಮಾನಿಸಬೇಕು.

ವೇಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಡಗಿನ ಮಳೆಗಾಲಕ್ಕೂ ಇದಕ್ಕೂ ನೇರ ಸಂಬಂಧವಿದೆ. ನಿಮ್ಮ ಸಿಲಿಂಡರನ್ನು ಹೇಗೆ ತುಂಬಿಸುತ್ತೀರಿ ಎಂದು ನೀವು ಬರೆದಿಲ್ಲ. ಕೈ ಪಂಪ್‌ನಿಂದ ಮನೆಯಲ್ಲೇ ತುಂಬಿಸುತ್ತಿದ್ದರೆ, ಜುಲೈ ತಿಂಗಳ ಗಾಳಿಯಲ್ಲಿರುವ ತೇವದ ಬಹುಪಾಲು 200 ಬಾರ್ ಒತ್ತಡಕ್ಕೆ ಸಿಕ್ಕಿ ನೀರಾಗಿ ಸಿಲಿಂಡರ್‌ನೊಳಗೆ ಇಳಿಯುತ್ತದೆ. ಆ ನೀರು ಒತ್ತಡವನ್ನು ಸಮವಾಗಿ ಇಡುವ ರೆಗ್ಯುಲೇಟರ್‌ಗೂ ವಾಲ್ವ್‌ಗೂ ಹೋಗಿ ಅವುಗಳ ನಡೆಯನ್ನು ಕೆಡಿಸುತ್ತದೆ. ವೇಗ ಸೆಕೆಂಡಿಗೆ 175 ಮೀಟರ್‌ನಿಂದ 170ಕ್ಕೆ ಇಳಿದರೆ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 1 ಮಿ.ಮೀ. ಕೆಳಗೆ ಬೀಳುತ್ತದೆ. ದಶಮಾಂಶ ಎಣಿಕೆಯಲ್ಲಿ 0.1 ಅಂಕ ಎಂದರೆ ಕಾಲು ಮಿಲಿಮೀಟರ್. ಆದ್ದರಿಂದ ಆ ಒಂದು ಮಿಲಿಮೀಟರ್ ಒಂದೊಂದು ಗುಂಡಿಗೆ 0.4 ಅಂಕದವರೆಗೆ ತಿನ್ನಬಲ್ಲದು. ಶೂಟಿಂಗ್ ರೇಂಜ್‌ಗಳಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ಸಾಮಾನ್ಯವಾಗಿ ಸಿಗುತ್ತದೆ. ಹತ್ತು ಗುಂಡು ಹೊಡೆದು ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವಿನ ವ್ಯತ್ಯಾಸ ನೋಡಿ. ಒಳ್ಳೆಯ ಸ್ಥಿತಿಯ ಮ್ಯಾಚ್ ರೈಫಲ್‌ನಲ್ಲಿ ಅದು ಸೆಕೆಂಡಿಗೆ 3 ಮೀಟರ್ ಮೀರಬಾರದು ಎಂದು ನಾನು ನಿರೀಕ್ಷಿಸುತ್ತೇನೆ. ಮೀರಿದರೆ ರೆಗ್ಯುಲೇಟರ್ ಮತ್ತು ಸೀಲ್‌ಗಳ ಸರ್ವಿಸ್ ಮಾಡಿಸಬೇಕು. ಅದಕ್ಕೆ ತಗಲುವ ಖರ್ಚು ಬ್ಯಾರೆಲ್‌ನ ಬೆಲೆಗೆ ಹೋಲಿಸಿದರೆ ಚಿಕ್ಕದು. ಇನ್ನು ಮುಂದೆ ಒಣಗಾಳಿ ತುಂಬಿದ ದೊಡ್ಡ ಸಿಲಿಂಡರ್‌ನಿಂದಲೇ ತುಂಬಿಸಿಕೊಳ್ಳಿ.

ಸಿಲಿಂಡರ್ ಕೈಗೆ ತೆಗೆದುಕೊಂಡಾಗ ಅದರ ಮೇಲೆ ಕೊರೆದಿರುವ ದಿನಾಂಕವನ್ನು ದಯವಿಟ್ಟು ನೋಡಿ. ಮ್ಯಾಚ್ ರೈಫಲ್‌ಗಳ ಸಿಲಿಂಡರ್‌ಗಳಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಅವಧಿ ನಿಗದಿ ಮಾಡಿರುತ್ತಾರೆ, ಅವಧಿಯೊಳಗಿನ ಸಿಲಿಂಡರ್ ಬಳಸುವುದು ಕ್ರೀಡಾಪಟುವಿನ ಹೊಣೆ ಎಂದು ಐಎಸ್ಎಸ್ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮವೇ ಹೇಳುತ್ತದೆ. ಹಳೆಯ ರೈಫಲ್ ಕೊಂಡವರು ಇದನ್ನು ಗಮನಿಸದೇ ಇರುವುದು ನನ್ನ ಕಣ್ಣಿಗೆ ಬಹಳ ಸಲ ಬಿದ್ದಿದೆ. ಅವಧಿ ಮುಗಿದಿದ್ದರೆ ನಿಮ್ಮ ಹಣ ಮೊದಲು ಹೋಗಬೇಕಾದದ್ದು ಹೊಸ ಸಿಲಿಂಡರ್‌ಗೆ. ಇದು ಅಂಕದ ಪ್ರಶ್ನೆಯಲ್ಲ, 200 ಬಾರ್ ಒತ್ತಡದ ವಸ್ತುವನ್ನು ನಿಮ್ಮ ಮಗಳು ಮುಖದ ಹತ್ತಿರ ಹಿಡಿಯುತ್ತಾಳೆ.

ಬ್ಯಾರೆಲ್ ಪರೀಕ್ಷೆಯನ್ನು ನೀವೇ ಮಾಡಬಹುದು. ರೈಫಲ್‌ನಲ್ಲಿ ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟು, ಒಳಗೆ ಉಳಿದ ಗಾಳಿಯನ್ನೂ ಸುರಕ್ಷಿತ ದಿಕ್ಕಿನಲ್ಲಿ ಹೊರಬಿಟ್ಟ ನಂತರವೇ ಬಾಯಿಯ ಕಡೆ ಕೈ ಹಾಕಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಾಯಿಯ ಒಳ ಅಂಚಿಗೆ ತಾಗಿಸಿ ಮೆಲ್ಲಗೆ ಸುತ್ತಿಸಿ, ಒಳಗಿನಿಂದ ಹೊರಕ್ಕೆ ಎಳೆಯಿರಿ. ಅಂಚು ನಯವಾಗಿದ್ದರೆ ಹತ್ತಿ ಹಾಗೆಯೇ ಜಾರಿ ಬರುತ್ತದೆ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲೊಂದು ಮುಳ್ಳು ಎದ್ದಿದೆ ಎಂದರ್ಥ. ಬಳಿಕ ಹಿಂಬದಿಯಲ್ಲಿ ಒಂದು ಪೆಲೆಟ್ ಕೂರಿಸಿ, ಪ್ಲಾಸ್ಟಿಕ್ ಹೊದಿಕೆಯ ಕಡ್ಡಿಯಿಂದ ನಿಧಾನವಾಗಿ ಮುಂದಕ್ಕೆ ತಳ್ಳಿ. ಮೊದಲು ಗೆರೆಗೆ ಕಚ್ಚಿಕೊಳ್ಳುವಾಗ ಒಂದು ತಡೆ, ಆಮೇಲೆ ಒಂದೇ ಸಮನಾದ ನಡೆ, ಚೋಕ್ ಇದ್ದರೆ ಕೊನೆಯಲ್ಲಿ ಮತ್ತೊಂದು ಬಿಗಿ ಸಿಗಬೇಕು. ನಡುವೆ ಒರಟಾಗಿ ಸಿಕ್ಕಿಕೊಂಡರೆ ಸೀಸದ ಪದರವೋ ತುಕ್ಕೋ ಇದೆ. ಹೊರಬಂದ ಪೆಲೆಟ್‌ನ ಮೇಲೆ ಗೆರೆಯ ಗುರುತುಗಳು ಸುತ್ತಲೂ ಒಂದೇ ಆಳದಲ್ಲಿ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಬ್ಯಾರೆಲ್‌ನ ಹಿಂಬದಿಯಲ್ಲಿರುವ ರಬ್ಬರ್ ರಿಂಗ್ ಬಿರಿದಿದ್ದರೆ ಅದನ್ನೂ ಬದಲಿಸಿ, ಕೆಲವೇ ರೂಪಾಯಿಯ ವಸ್ತು ಅದು.

ಕೊಳೆಯೇ ಕಾರಣವಾಗಿದ್ದರೆ ಉಣ್ಣೆಯ ಫೆಲ್ಟ್ ಪೆಲೆಟ್‌ಗಳನ್ನು ಬ್ಯಾರೆಲ್ ಎಣ್ಣೆಯ ಒಂದೆರಡು ಹನಿಯಲ್ಲಿ ಅದ್ದಿ ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಿ, ಆಮೇಲೆ ಒಣಗಿದವನ್ನು ತಳ್ಳಿ, ಬಿಳಿಯಾಗಿ ಬರುವವರೆಗೆ ಮಾಡಿ. ಹಿತ್ತಾಳೆಯ ಬ್ರಷ್ ಬೇಡ. ಶುಚಿ ಮಾಡಿದ ತಕ್ಷಣದ ಕೆಲವು ಗುಂಡು ಅತ್ತಿತ್ತ ಬೀಳುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರೈಫಲ್ಲನ್ನು ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಸ್ಪಂಜು ತೇವವನ್ನು ಹಿಡಿದಿಟ್ಟುಕೊಂಡು ಉಕ್ಕಿಗೆ ಉಣಿಸುತ್ತದೆ. ಅಭ್ಯಾಸ ಮುಗಿಸಿ ಬಂದ ದಿನ ಹೊರಗೆ ತೆಗೆದು ಒರೆಸಿ, ಸಿಲಿಕಾ ಜೆಲ್ ಇಟ್ಟ ಬೀಗದ ಕಪಾಟಿನಲ್ಲಿ ನಿಲ್ಲಿಸಿ.

ಪೆಲೆಟ್‌ಗಳ ಡಬ್ಬಿಯನ್ನೂ ತೆರೆದು ನೋಡಿ. ತೇವಕ್ಕೆ ಸೀಸದ ಮೇಲೆ ಬೂದುಬಿಳಿ ಪುಡಿ ಕಟ್ಟಿದ್ದರೆ ಅವನ್ನು ಬಳಸಬೇಡಿ, ಮುಟ್ಟಿದ ಕೈ ತೊಳೆದುಕೊಳ್ಳಿ. ಹಳೆಯ ಡಬ್ಬಿ ಮುಗಿದು ಹೊಸ ಡಬ್ಬಿ ತೆರೆದದ್ದು ಇದೇ ಮಳೆಗಾಲದಲ್ಲೇ ಎಂಬುದನ್ನೂ ನೆನಪಿಸಿಕೊಳ್ಳಿ. ಮ್ಯಾಚ್ ಪೆಲೆಟ್‌ಗಳು ತಲೆಯ ಅಳತೆಯಲ್ಲಿ 4.49, 4.50, 4.51 ಮಿ.ಮೀ. ಎಂದು ಬೇರೆ ಬೇರೆಯಾಗಿ ಬರುತ್ತವೆ. ಒಂದೇ ಹೆಸರಿನ ಪೆಲೆಟ್ ಕೂಡ ಒಂದು ಲಾಟ್‌ನಿಂದ (ಒಮ್ಮೆಗೆ ತಯಾರಾದ ಕಂತು) ಇನ್ನೊಂದಕ್ಕೆ ಬದಲಾಗುತ್ತದೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಮ್ಯಾಚ್, ಇವುಗಳಲ್ಲಿ ಎರಡು ಮೂರು ಅಳತೆಯವನ್ನು ತಂದು ಮರಳು ಚೀಲದ ಮೇಲಿಂದಲೇ ಹೊಡೆದು, ಯಾವುದು ನಿಮ್ಮ ಬ್ಯಾರೆಲ್‌ಗೆ ಒಪ್ಪುತ್ತದೆ ಎಂದು ಆರಿಸಿ, ಆ ಲಾಟ್‌ನ ಡಬ್ಬಿಗಳನ್ನೇ ಒಂದು ಋತುವಿಗೆ ಆಗುವಷ್ಟು ಕೊಂಡಿಡಿ. ಬ್ಯಾರೆಲ್ ಬದಲಿಸಿ ಸಿಗುವ ಲಾಭಕ್ಕಿಂತ ಇದರಿಂದ ಸಿಗುವ ಲಾಭ ದೊಡ್ಡದೆಂದು ನಾನು ದೃಢವಾಗಿ ನಂಬಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಬ್ಯಾರೆಲ್‌ನಲ್ಲೇ ಎಂದು ಖಚಿತವಾದರೆ ದಾರಿಗಳಿವೆ. ಕ್ರೌನ್ ಮಾತ್ರ ಕೆಟ್ಟಿದ್ದರೆ ಅನುಭವವಿರುವ ಕೈಗಳಲ್ಲಿ ಅದನ್ನು ಲೇತ್‌ನಲ್ಲಿ ಹೊಸದಾಗಿ ಕತ್ತರಿಸಿಕೊಳ್ಳಬಹುದು. ಆದರೆ ಚೋಕ್ ಇರುವ ಬ್ಯಾರೆಲ್‌ನ ಬಾಯಿಯನ್ನು ಹೆಚ್ಚು ಕತ್ತರಿಸಿದರೆ ಚೋಕ್ ಕೂಡ ಹೊರಟುಹೋಗುತ್ತದೆ, ಇದನ್ನು ತಿಳಿಯದವರ ಕೈಗೆ ಕೊಡಬೇಡಿ. ಒಳಗೆ ತುಕ್ಕು ಗುಂಡಿ ಬಿದ್ದಿದ್ದರೆ ಅದೇ ಕಂಪನಿಯ, ಅದೇ ಮಾದರಿಯ ಬ್ಯಾರೆಲ್ಲನ್ನು ಅಧಿಕೃತ ಸರ್ವಿಸ್ ಮೂಲಕ ಹಾಕಿಸುವುದು ನಿಮ್ಮ ಮಟ್ಟಿಗೆ ಸರಿಯಾದ ಆಯ್ಕೆ. ದುಬಾರಿಯಾದೀತು, ಬರುವುದೂ ತಡವಾದೀತು, ಆದರೆ ಅದು ಆ ರೈಫಲ್‌ನ ಗಾಳಿರಂಧ್ರಕ್ಕೂ ಬೋಲ್ಟ್‌ಗೂ ಹೊಂದುತ್ತದೆ, ಮುಂದೆ ರೈಫಲ್ ಮಾರುವಾಗಲೂ ಬೆಲೆ ಉಳಿಯುತ್ತದೆ. ಕಸ್ಟಮ್ ಬ್ಯಾರೆಲ್‌ನಲ್ಲಿ ಗಾಳಿರಂಧ್ರ ಕೂದಲೆಳೆಯಷ್ಟು ಓರೆಯಾಗಿ ಕೊರೆದಿದ್ದರೂ, ಅದರ ಒಳ ಅಂಚಿನ ಮುಳ್ಳನ್ನು ನಯಗೊಳಿಸದೇ ಬಿಟ್ಟಿದ್ದರೂ ಪ್ರತಿ ಪೆಲೆಟ್‌ನ ಲಂಗ ಗೀರಿಹೋಗುತ್ತದೆ, ಆಗ ಗೆರೆ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಮೇಲಾಗಿ ಐಎಸ್ಎಸ್ಎಫ್ ನಿಯಮದಂತೆ ರೈಫಲ್‌ನ ತೂಕ 5.5 ಕೆ.ಜಿ. ಮೀರುವಂತಿಲ್ಲ, ಯಂತ್ರಭಾಗದ ಹಿಂತುದಿಯಿಂದ ಹೊರಗೆ ಕಾಣುವ ಬಾಯಿಯವರೆಗಿನ ಉದ್ದ 850 ಮಿ.ಮೀ. ದಾಟುವಂತಿಲ್ಲ. ಸ್ಪರ್ಧೆಯ ದಿನ ಪರೀಕ್ಷೆಯ ಮೇಜಿನಲ್ಲಿ ತಿರಸ್ಕೃತವಾದರೆ ಅಲ್ಲಿ ಮಾಡುವುದೇನೂ ಉಳಿಯುವುದಿಲ್ಲ.

ನಿಮ್ಮ ಪರಿಚಯದವರಿಗೆ ಮೂರು ಮಾತು ಕೇಳಿ ನೋಡಿ: ಬ್ಯಾರೆಲ್ ತುಂಡು ಯಾರದ್ದು, ಹಿಂಬದಿ ಮತ್ತು ಕ್ರೌನ್ ಕೆಲಸ ಯಾರು ಮಾಡುತ್ತಾರೆ, ನಿಮ್ಮದೇ ಮಾದರಿಯ ರೈಫಲ್‌ಗೆ ಅವರು ಹಿಂದೆ ಹಾಕಿದ ಬ್ಯಾರೆಲ್‌ನ ಗುಂಪು ತೋರಿಸಬಲ್ಲರೇ. ಬ್ಯಾರೆಲ್ ಎಂಬುದು ಆಯುಧದ ಭಾಗವಾದ್ದರಿಂದ ಆಮದು ಮತ್ತು ಜೋಡಣೆ ಪರವಾನಗಿ ಇರುವ ವ್ಯಾಪಾರಿಯ ಮೂಲಕ, ರಸೀದಿ ಸಮೇತ ನಡೆಯಬೇಕು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮುಂಗಡ ಕೊಡಬೇಡಿ.

ಇನ್ನು ನಿಮ್ಮ ಸ್ಪ್ರಿಂಗ್ ಏರ್‌ಗನ್. ಇದಕ್ಕೆ ನನ್ನ ಉತ್ತರ ಬೇಡ ಎಂದೇ. ಸ್ಪ್ರಿಂಗ್ ಬಂದೂಕಿನಲ್ಲಿ ಪಿಸ್ಟನ್ ಒಂದು ಸಲ ಮುಂದೆ ಬಂದಾಗ ಸಿಗುವ ಗಾಳಿ ಇಷ್ಟೇ ಎಂದು ನಿಗದಿಯಾಗಿದೆ. ಪೆಲೆಟ್ ಬ್ಯಾರೆಲ್‌ನ ಮೊದಲ ಭಾಗದಲ್ಲೇ ತನ್ನ ವೇಗ ಪಡೆದುಕೊಳ್ಳುತ್ತದೆ, ಅದರಾಚೆಯ ಉದ್ದ ಬ್ಯಾರೆಲ್ಲನ್ನು ಮಡಚಿ ಸ್ಪ್ರಿಂಗ್ ಬಿಗಿಯಲು ಸಲೀಸಾಗುತ್ತದೆಯೇ ಹೊರತು ಹೊಡೆತ ಹೆಚ್ಚಿಸುವುದಿಲ್ಲ. ಅಲ್ಲದೆ ಮಡಚುವ ಬಂದೂಕಿನ ಬ್ಯಾರೆಲ್ ಹಿಂಬದಿಯ ಕಬ್ಬಿಣದ ಗಟ್ಟಿಗೆ ಒತ್ತಿ ಕೂರಿಸಿದ್ದು, ಅದನ್ನು ಬಿಡಿಸಿ ಬೇರೆಯದನ್ನು ನೇರವಾಗಿ ಕೂರಿಸುವುದು ಸಾಮಾನ್ಯ ವರ್ಕ್‌ಶಾಪಿನ ಕೆಲಸವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರಿದ ಒಳವ್ಯಾಸವಿದ್ದರೆ, ಅಥವಾ ಬಾಯಿಯಲ್ಲಿನ ಶಕ್ತಿ 20 ಜೂಲ್ ದಾಟಿದರೆ, ಏರ್‌ಗನ್‌ಗೂ ಪರವಾನಗಿ ಬೇಕು. 5.5 ಮಿ.ಮೀ. ಬ್ಯಾರೆಲ್ ಹಾಕಿದ ಕ್ಷಣವೇ ನಿಮ್ಮ ಬಂದೂಕು ಆ ಗೆರೆ ದಾಟುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, ನಿಜ. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೋವಿ ತಯಾರಿಸುವ ಅಥವಾ ಮಾರ್ಪಡಿಸುವ ಅನುಮತಿ ಎಂದು ಯಾರೂ ತಿಳಿಯಬಾರದು.

ತೆಂಗಿನಕಾಯಿಗೆ ಗುರಿ ತಪ್ಪುತ್ತಿದ್ದರೆ ಮಡಚುವ ಕೀಲಿನ ಬೋಲ್ಟ್ ಬಿಗಿಯಾಗಿದೆಯೇ, ಬ್ಯಾರೆಲ್ ಅತ್ತಿತ್ತ ಅಲುಗುತ್ತದೆಯೇ ನೋಡಿ. ಹಿಂಬದಿಯ ಸೀಲ್‌ನ ಪಕ್ಕ ತೆಳು ಕಾಗದದ ಚೂರು ಇಟ್ಟು ಹೊಡೆದಾಗ ಅದು ಹಾರಿದರೆ ಸೀಲ್ ಬದಲಿಸಿ. ಸ್ಟಾಕ್‌ನ ಸ್ಕ್ರೂಗಳು ಸ್ಪ್ರಿಂಗ್‌ನ ಹೊಡೆತಕ್ಕೆ ಸಡಿಲವಾಗುತ್ತಲೇ ಇರುತ್ತವೆ, ಸ್ಪರ್ಧೆಗೆ ಮುಂಚೆ ಬಿಗಿ ಮಾಡಿ. ಇಂತಹ ಬಂದೂಕನ್ನು ಬಿಗಿಯಾಗಿ ಹಿಡಿದರೆ ಗುಂಪು ಚದುರುತ್ತದೆ. ಮುಂದಿನ ಕೈಯ ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಹಿಡಿಯಿರಿ. ಕೈಲ್‌ಪೊಳ್ದ್ ಪೂಜೆಗೆ ಮುನ್ನ ಕೋವಿಗೆಲ್ಲ ಎಣ್ಣೆ ಹಚ್ಚುವಾಗ ಏರ್‌ಗನ್‌ನ ಹೊರಮೈಯನ್ನು ಮಾತ್ರ ಒರೆಸಿ. ಗಾಳಿರಂಧ್ರದೊಳಗೆ ಎಣ್ಣೆ ಇಳಿದರೆ ಪಿಸ್ಟನ್ ಒತ್ತಿದ ಬಿಸಿಗೆ ಅದು ಹೊತ್ತಿಕೊಂಡು ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುವುದೂ ಉಂಟು.